ಫೋಟೊದ ಕೆಳಗಿನ ಮಾತು

ಗೇಟಿನ ಹತ್ತಿರ ಯಾವುದೋ ಹುಡುಗಿ ನಿಮ್ಮ ಫೋಟೊ ಹಿಡ್ಕೊಂಡು ನಿಂತವಳೆ ಎಂದು ಸೆಕ್ಯುರಿಟಿಯವನು ಬಂದು ಹೇಳಿದಾಗ, ಲತಾಮಣಿ ಬೋರ್ಡಿನ ಮೇಲೆ ಹಾಸಿದ್ದ ವೈರುಗಳಿಗೆ ಕಪ್ಪು ಟೇಪು ಸುತ್ತುತ್ತಿದ್ದಳು. 2007ರ ಜೂನ್ ತಿಂಗಳು. ಬಿಡದಿಯ ಕೈಗಾರಿಕಾ ಪ್ರದೇಶದ ಹಿಂದಿನ ರಸ್ತೆಯಲ್ಲಿದ್ದ ಅರ್ಕಪ್ರಭಾ ಕೇಬಲ್ಸ್ ಎಂಬ ಕಂಪನಿಯಲ್ಲಿ ಅವಳಿಗೆ ಅದು ನಾಲ್ಕನೆಯ ವರ್ಷ. ಕಾರು, ಟೆಂಪೊಗಳ ಒಳಗೆ ದೀಪದಿಂದ ಹಾರ್ನಿನ ತನಕ ಓಡುವ ವೈರುಗಳ ಕಟ್ಟನ್ನು ಅಲ್ಲಿ ತಯಾರಿಸುತ್ತಿದ್ದರು. ಕತ್ತರಿಸುವುದು, ತುದಿಗೆ ಪಿನ್ನು ಒತ್ತುವುದು, ಬೋರ್ಡಿನ ಮೇಲೆ ದಾರಿ ಹಿಡಿದು ಹಾಸುವುದು, ಟೇಪು ಸುತ್ತುವುದು. ನೂರಾ ಎಂಬತ್ತು ಜನರಲ್ಲಿ ಮುಕ್ಕಾಲು ಪಾಲು ಹೆಣ್ಣುಮಕ್ಕಳು.

ಲತಾಮಣಿ ಕೈಲಾಂಚದವಳು. ಅಪ್ಪ ಮರಿಯಪ್ಪನಿಗೆ ಎರಡು ಎಕರೆ ಹಿಪ್ಪುನೇರಳೆ, ಎರಡು ಸೀಮೆಹಸು. ಪಿಯುಸಿ ಮುಗಿಸಿ ಕಂಪನಿಗೆ ಸೇರಿದ ಮೊದಲ ಹದಿನೆಂಟು ಜನರಲ್ಲಿ ಅವಳೊಬ್ಬಳು. ಬೆಳಗಿನ ಏಳರ ಶಿಫ್ಟಿಗೆ ಮುಟ್ಟಬೇಕೆಂದರೆ ಐದೂವರೆಗೆ ಅಪ್ಪ ಮೊಪೆಡ್ಡಿನಲ್ಲಿ ರಾಮನಗರದ ಬಸ್ ಸ್ಟ್ಯಾಂಡಿಗೆ ಬಿಡಬೇಕು, ಅಲ್ಲಿಂದ ಬಿಡದಿಗೆ ಬಸ್ಸು, ಹೈವೇಯಲ್ಲಿ ಇಳಿದು ಎರಡು ಕಿಲೋಮೀಟರ್ ನಡಿಗೆ. ನಾಲ್ಕು ವರ್ಷದಲ್ಲಿ ಅವಳು ಒಂದು ದಿನವೂ ತಡವಾಗಿ ಹೋದವಳಲ್ಲ.

ಟೀ ಬಿಡುವಿನಲ್ಲಿ ಗೇಟಿಗೆ ಹೋದಳು. ಇಪ್ಪತ್ತೆರಡು ವರ್ಷದ ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಜಡೆ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಪಕ್ಕದಲ್ಲಿ ಅವಳಪ್ಪ, ತಲೆಗೆ ಟವೆಲ್ ಸುತ್ತಿದವರು, ಗೇಟಿನ ಮೇಲಿನ ಬೋರ್ಡನ್ನು ಓದುತ್ತಿದ್ದರು.

"ನೀವೇ ಅಲ್ವಾ ಅಕ್ಕ?" ಎಂದು ಹುಡುಗಿ ಫೈಲಿನಿಂದ ಒಂದು ಹಾಳೆ ತೆಗೆದಳು.

ಬಣ್ಣದ ಪ್ರಿಂಟು. ಅದರಲ್ಲಿ ಲತಾಮಣಿ ನೀಲಿ ಕೋಟು ಹಾಕಿಕೊಂಡು ನಗುತ್ತಿದ್ದಳು. ಕೆಳಗೆ ಇಂಗ್ಲಿಷಿನಲ್ಲಿ ಅವಳ ಹೆಸರು, ಹೆಸರಿನ ಪಕ್ಕ ಸೂಪರ್‌ವೈಸರ್ ಎಂದು. ಅದರ ಕೆಳಗೆ ಇನ್ನಷ್ಟು ಸಾಲು. ಲತಾಮಣಿ ಅಕ್ಷರ ಕೂಡಿಸಿಕೊಂಡು ಓದುವಷ್ಟರಲ್ಲಿ ಹುಡುಗಿಯೇ ಕನ್ನಡದಲ್ಲಿ ಹೇಳಿಬಿಟ್ಟಳು. "ನಾನು ಸಾಮಾನ್ಯ ಕೆಲಸಗಾರ್ತಿಯಾಗಿ ಸೇರಿದೆ, ಮೂರೇ ವರ್ಷದಲ್ಲಿ ಸೂಪರ್‌ವೈಸರ್ ಆದೆ, ಈ ಕಂಪನಿ ನನಗೆ ಎರಡನೇ ತವರುಮನೆ ಅಂತ ಹೇಳಿದೀರಲ್ಲ ಅಕ್ಕ, ಅದುನ್ನ ಓದಿ ಅಪ್ಪ ಒಪ್ಕೊಂಡ್ರು."

ಲತಾಮಣಿಗೆ ಎಂಟು ತಿಂಗಳ ಹಿಂದಿನ ಒಂದು ದಿನ ನೆನಪಾಯಿತು. ಬೆಂಗಳೂರಿನಿಂದ ಕ್ಯಾಮೆರಾದವರು ಬಂದಿದ್ದರು. ಯಾರದೋ ನೀಲಿ ಕೋಟು ತಂದು ಅವಳಿಗೆ ಹಾಕಿಸಿ, ಅವಳು ಎಂದೂ ಮುಟ್ಟದ ಹೊಸ ಮಿಷನ್ನಿನ ಎದುರು ನಿಲ್ಲಿಸಿ, ನಗು ಎಂದಿದ್ದರು. ನಕ್ಕಿದ್ದಳು. ಆಮೇಲೆ ಕ್ಯಾಂಟೀನಿನಲ್ಲಿ ನಾಲ್ಕು ಜನರ ಮುಂದೆ ಹೋಟೆಲಿನಿಂದ ತರಿಸಿದ ಊಟ ಇಟ್ಟು ತೆಗೆದರು. ಹೊರಗೆ ಬಾಡಿಗೆಗೆ ತಂದಿದ್ದ ಬಸ್ಸಿನ ಬಾಗಿಲಿಗೆ ಕಂಪನಿಯ ಹೆಸರಿನ ಬ್ಯಾನರ್ ಕಟ್ಟಿ, ಹುಡುಗಿಯರನ್ನು ಹತ್ತಿಸಿ ಇಳಿಸಿ ತೆಗೆದರು. ಬಸ್ಸು ಮಧ್ಯಾಹ್ನವೇ ಹೋಯಿತು. ಆ ದಿನ ಎಲ್ಲರಿಗೂ ಮೈಸೂರುಪಾಕು ಸಿಕ್ಕಿತ್ತು, ಎಲ್ಲರೂ ಖುಷಿಯಾಗಿದ್ದರು. ಅವಳು ಯಾರಿಗೂ ಯಾವ ಮಾತನ್ನೂ ಹೇಳಿರಲಿಲ್ಲ. ಅವಳು ಸೂಪರ್‌ವೈಸರ್ ಆಗಿರಲಿಲ್ಲ, ಆ ದಿನವೂ, ಈಗಲೂ.

ಹುಡುಗಿಯ ಹೆಸರು ಸಿರಿ. ಮಾಗಡಿ ತಾಲ್ಲೂಕಿನ ಕಲ್ಯದವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಫಸ್ಟ್ ಕ್ಲಾಸು. ಪೀಣ್ಯದ ಒಂದು ಕಂಪನಿಯವರೂ ಕರೆದಿದ್ದರು, ಅಲ್ಲಿ ಒಂದು ವರ್ಷಕ್ಕೆ ಪರ್ಮನೆಂಟು. ಆದರೆ ಮಾಗಡಿಯ ಸೈಬರ್ ಸೆಂಟರಿನಲ್ಲಿ ಈ ವೆಬ್‌ಸೈಟು ನೋಡಿದ ಮೇಲೆ ಇಲ್ಲಿಗೇ ಬರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮಾಗಡಿಯಿಂದ ಕಂಪನಿ ಬಸ್ಸು, ಆರು ತಿಂಗಳ ತರಬೇತಿ, ಹೆಣ್ಣುಮಕ್ಕಳಿಗೆ ಹಾಸ್ಟೆಲ್ಲು.

"ನಮ್ ಕಡೆ ಹೆಣ್ಮಗ್ಳು ಇದ್ದಂಗೆ ಅವ್ಳೆ, ಆ ಮುಖ ಸುಳ್ಳು ಹೇಳಕ್ಕಿಲ್ಲ ಅಂದೆ ಕಣವ್ವ ನಾನು," ಎಂದರು ಅವಳಪ್ಪ ಕೆಂಪರಾಜು. "ಒಸಿ ನೋಡ್ಕೊ ತಾಯಿ ನಮ್ ಮಗೀನ."

ಆಗಲೇ ಹೇಳಬಹುದಿತ್ತು. ಬಸ್ಸಿಲ್ಲ, ಹಾಸ್ಟೆಲ್ಲಿಲ್ಲ, ಪೀಣ್ಯಕ್ಕೆ ಹೋಗು ಎಂದು ನಾಲ್ಕು ಮಾತು ಸಾಕಿತ್ತು. ಆದರೆ ಸೆಕ್ಯುರಿಟಿಯವನು ಅಲ್ಲೇ ನಿಂತಿದ್ದ, ಟೀ ಬಿಡುವು ಮುಗಿದ ಬೆಲ್ಲು ಹೊಡೆಯಿತು, ಮತ್ತೆ ಹಾಳೆಯ ಮೇಲಿನ ತನ್ನ ನಗುಮುಖ ನೋಡಿ ಅವಳಿಗೆ ಬಾಯಿ ಕಟ್ಟಿದಂತಾಗಿತ್ತು. "ಒಳ್ಳೇದಾಗ್ಲಿ ಕಣವ್ವ," ಎಂದು ಹೇಳಿ ಒಳಗೆ ಹೋದಳು.

ಸಿರಿಯನ್ನು ಅಂದೇ ಸೇರಿಸಿಕೊಂಡರು. ಕೊಟ್ಟಿದ್ದು ಹಳದಿ ಕಾರ್ಡು. ಕಂಪನಿಯಲ್ಲಿ ನೀಲಿ ಕಾರ್ಡೆಂದರೆ ಕಂಪನಿಯ ನೌಕರರು, ಹಳದಿ ಎಂದರೆ ಕಂಟ್ರಾಕ್ಟರ್ ಕಳಿಸಿದವರು. ಹಳದಿಯವರು ಆರು ತಿಂಗಳಾದ ಮೇಲೆ ಒಂದು ದಿನ ಮನೆಗೆ ಹೋಗಿ ಮತ್ತೆ ಹೊಸಬರಾಗಿ ಬರಬೇಕು. ಎಷ್ಟು ಸಲ ಬಂದರೂ ಹೊಸಬರೇ. ಸಿರಿಗೆ ಇದು ಗೊತ್ತಾಗಿದ್ದು ಮೊದಲ ಸಂಬಳದ ಚೀಟಿಯಲ್ಲಿ ಬೇರೆ ಯಾವುದೋ ಏಜೆನ್ಸಿಯ ಹೆಸರಿದ್ದಾಗ. ತರಬೇತಿ ಎಂದರೆ ಒಂದು ಬೆಳಗ್ಗೆ ಅರ್ಧ ಗಂಟೆ ಪಕ್ಕದವಳ ಕೈ ನೋಡು ಎಂದಿದ್ದು. ಬಸ್ಸಿಲ್ಲದ ಕಾರಣ ಬಿಡದಿಯಲ್ಲಿ ಇನ್ನೂ ಮೂವರೊಂದಿಗೆ ಶೀಟಿನ ಮನೆಯ ಒಂದು ಕೋಣೆ ಹಿಡಿದಳು. ಡಿಪ್ಲೊಮಾ ಓದಿದವಳು ದಿನಕ್ಕೆ ಒಂಬತ್ತು ಗಂಟೆ ನಿಂತು ಒಂದೇ ಬಣ್ಣದ ವೈರು ಕತ್ತರಿಸಿದಳು.

ಅವಳೊಬ್ಬಳೇ ಅಲ್ಲ. ಆ ಎರಡು ತಿಂಗಳಲ್ಲಿ ವೆಬ್‌ಸೈಟು ನೋಡಿ ಹನ್ನೆರಡು ಜನ ಬಂದರು. ಚನ್ನಪಟ್ಟಣದಿಂದ, ಕನಕಪುರದಿಂದ, ಒಬ್ಬಳು ಹಾಸನದಿಂದ. ಎಲ್ಲರೂ ಓದಿದವರು, ಕೈಚಳಕ ಇದ್ದವರು. ಬಂದವರು ಒಬ್ಬೊಬ್ಬರಾಗಿ ಲತಾಮಣಿಯ ಮುಖ ನೋಡಿ ಮೊದಲು ನಗುತ್ತಿದ್ದರು. ಒಂದು ವಾರ ಕಳೆದ ಮೇಲೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಸಿರಿ ಅವಳ ಮುಂದೆ ಬಂದು ನಿಂತಳು. ಹಳದಿ ಕಾರ್ಡು ಕತ್ತಿನಲ್ಲಿ ಇರಲಿಲ್ಲ, ಕೈಯಲ್ಲಿತ್ತು.

"ಹೊಯ್ತಾ ಇವ್ನಿ. ಪೀಣ್ಯದೋರ್ಗೆ ಫೋನ್ ಮಾಡಿದ್ದೆ. ಆ ಜಾಗ ತುಂಬೋಯ್ತು ಅಂದ್ರು."

"ಸಿರಿ, ನಾನು…"

"ನಿಮ್ ಮುಖ ನೋಡಿ ಬಂದೆ ಅಕ್ಕ ನಾನು. ಬೇರೆ ಏನೂ ನೋಡ್ಲಿಲ್ಲ. ಗೇಟಲ್ಲಿ ಅಪ್ಪ ನಿಂತಿದ್ರು, ಫೈಲ್ ಹಿಡ್ಕೊಂಡು ನಾನು ನಿಂತಿದ್ದೆ. ಒಂದ್ ಮಾತು ಹೇಳಿದ್ರೆ ನಿಮ್ ಗಂಟೇನು ಹೋಗ್ತಿತ್ತು?"

"ಆ ಮಾತು ನಾನು ಆಡಿಲ್ಲ ಕಣೆ. ಅವ್ರೇ ಬರ್ಕೊಂಡಿರೋದು."

"ಹಂಗಾರೆ ಅವ್ರು ಬರ್ಕೊಂಡ್ರು ಅಂತ ಅವತ್ತೇ ಹೇಳ್ಬೇಕಿತ್ತು. ನೀವು ಒಳ್ಳೇದಾಗ್ಲಿ ಅಂದ್ರಿ."

ಕಾರ್ಡನ್ನು ಊಟದ ಬೆಂಚಿನ ಮೇಲೆ ಇಟ್ಟು ಹೋದಳು. ಸುತ್ತ ಕೂತಿದ್ದವರೆಲ್ಲ ತಟ್ಟೆ ನೋಡುತ್ತಿದ್ದರು. ಲತಾಮಣಿಗೆ ಮುಖಕ್ಕೆ ಹೊಡೆದಂತಾಯಿತು. ಹೊಡೆದವಳ ಮೇಲೆ ಸಿಟ್ಟು ಬರಲಿಲ್ಲ, ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಬಂದ ಸಿಟ್ಟೆಲ್ಲ ಆ ನೀಲಿ ಕೋಟಿನ ಮೇಲೆ, ಆ ಕ್ಯಾಮೆರಾದ ಮೇಲೆ, ತನ್ನ ಬಾಯಿಗೆ ತಾನಾಡದ ಮಾತು ತುರುಕಿದವರ ಮೇಲೆ ಬಂತು. ತನ್ನ ಮೇಲೂ ಬಂತು.

ಅಂದು ಸಂಜೆ ರಾಮನಗರದಲ್ಲಿ ಇಳಿದವಳು ನೇರ ಬಿಸ್ಮಿಲ್ಲಾನ ಸೈಬರ್ ಸೆಂಟರಿಗೆ ಹೋದಳು. ಬಸ್ ಸ್ಟ್ಯಾಂಡಿನ ಎದುರು ನಾಲ್ಕು ಕಂಪ್ಯೂಟರು, ಒಂದು ಜೆರಾಕ್ಸ್ ಮಿಷನ್ನು ಇಟ್ಟುಕೊಂಡಿದ್ದ ನಲವತ್ತರ ಆಸುಪಾಸಿನ ಮನುಷ್ಯ. ಪರೀಕ್ಷೆಯ ರಿಸಲ್ಟು ಬಂದ ದಿನ ಊರಿನ ಮಕ್ಕಳೆಲ್ಲ ಅವನ ಅಂಗಡಿಯ ಮುಂದೆ ನಿಲ್ಲುತ್ತಿದ್ದರು.

"ನಮ್ ಕಂಪನಿ ವೆಬ್‌ಸೈಟ್ ತೆಗೀರಿ ಭಾಯ್. ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳ್ಬೇಕು. ಒಂದೂ ಬಿಡ್ಬಾರ್ದು."

ಬಿಸ್ಮಿಲ್ಲಾ ಕನ್ನಡಕ ಏರಿಸಿ ಓದಿದ. ಕೆಲಸಕ್ಕೆ ಸೇರಬಯಸುವವರಿಗಾಗಿ ಎಂಬ ಪುಟ ಚೆಂದವಾಗಿತ್ತು, ಅದನ್ನು ಒಪ್ಪಬೇಕು. ಹಸಿರು ಹುಲ್ಲಿನ ಚಿತ್ರ, ನಗುವ ಮುಖಗಳು. ನಾವೆಲ್ಲ ಒಂದೇ ಕುಟುಂಬ ಎಂದು ಶುರುವಾಗುತ್ತಿತ್ತು. ನಾಲ್ಕೂ ತಾಲ್ಲೂಕುಗಳಿಂದ ಬಸ್ಸು. ಪೌಷ್ಟಿಕ ಊಟ. ಮಕ್ಕಳನ್ನು ನೋಡಿಕೊಳ್ಳುವ ಕೋಣೆ. ಸ್ಥಳೀಯರಿಗೆ ಮೊದಲ ಆದ್ಯತೆ. ಪ್ರತಿಭೆ ಇದ್ದವರಿಗೆ ಆರು ತಿಂಗಳಿಗೊಮ್ಮೆ ಬಡ್ತಿ. ಬಿಸ್ಮಿಲ್ಲಾ ಒಂದೊಂದು ಸಾಲು ಓದಿದಾಗಲೂ ಲತಾಮಣಿ, "ಇಲ್ಲ," ಎನ್ನುತ್ತಿದ್ದಳು. ಕುಡಿಯುವ ನೀರಿನ ಸಾಲು ಬಂದಾಗ ಮಾತ್ರ, "ಐತೆ," ಎಂದಳು.

"ಯಾ ಅಲ್ಲಾ, ನೀರು ಒಂದೇ ನಿಜಾನಾ?" ಎಂದ ಬಿಸ್ಮಿಲ್ಲಾ. "ಅಮ್ಮಾ, ಈ ಪೇಜು ನಮ್ ಅಂಗಡೀಲೇ ದಿನಕ್ಕೆ ಹತ್ತು ಜನ ತೆಗೆಸ್ತಾರೆ. ಪೇಪರಲ್ಲಿ ಜಾಹೀರಾತು ಬರ್ತದಲ್ಲ, ಅದ್ರಲ್ಲಿ ವೆಬ್‌ಸೈಟ್ ಹೆಸರು ಹಾಕಿರ್ತಾರೆ. ಹುಡುಗ್ರು ಓದಿ, ಇಂಥ ಕಡೆ ಕೆಲ್ಸ ಸಿಕ್ಕಿದ್ರೆ ಸಾಕು ಅಂತ ಹೋಗ್ತಾರೆ."

ಮಾರನೆಯ ದಿನ ಅವಳು ನಟರಾಜುವಿನ ಕೋಣೆಗೆ ಹೋದಳು. ನಟರಾಜು ಎಚ್.ಆರ್. ಮ್ಯಾನೇಜರು, ಚನ್ನಪಟ್ಟಣದ ಕಡೆಯವನು, ಮಾತಿಗೊಮ್ಮೆ ನಾನೂ ಈ ನೆಲದ ಮಗ ಎನ್ನುವವನು.

"ನನ್ ಫೋಟೊ ತೆಗೀರಿ ಸಾರ್. ಇಲ್ದಿದ್ರೆ ಅಲ್ಲಿ ಬರ್ದಿರೋದುನ್ನ ನಿಜ ಮಾಡಿ."

ನಟರಾಜು ನಕ್ಕ. "ಕೂತ್ಕೊಳಮ್ಮ. ಮೊದ್ಲು ನಮ್ಗೆ ಜನಾನೇ ಸಿಗ್ತಿರ್ಲಿಲ್ಲ, ನೆನಪೈತಾ? ಈಗ ನೋಡು, ವಾರಕ್ಕೆ ಐವತ್ತು ಅಪ್ಲಿಕೇಶನ್ನು. ಡಿಪ್ಲೊಮಾದೋರು, ಡಿಗ್ರಿಯೋರು. ನಿನ್ನ ಮುಖಾನೇ ಲಕ್ಷಣ ಕಣಮ್ಮ."

"ಆ ಮಾತು ನಾನು ಯಾವತ್ತು ಆಡ್ದೆ?"

"ಯಾರೂ ಆಡಲ್ಲ. ವೆಬ್‌ಸೈಟ್ ಮಾಡೋರು ಬರೀತಾರೆ. ಮದ್ವೆ ಫೋಟೊ ಇದ್ದಂಗೆ ಅದು. ಮನೇಲಿ ದಿನಾ ಯಾರಾದ್ರೂ ಹಂಗೇ ಸಿಂಗಾರ ಮಾಡ್ಕೊಂಡು ಕೂತಿರ್ತಾರಾ?"

"ಸೂಪರ್‌ವೈಸರ್ ಅಂತ ಐತೆ. ಹಂಗಾರೆ ನನ್ನ ಸೂಪರ್‌ವೈಸರ್ ಮಾಡಿ."

ಆಗ ಅವನ ನಗು ನಿಂತಿತು. "ನೋಡು ಲತಾಮಣಿ, ನಿಂಗೆ ನೀಲಿ ಕಾರ್ಡೈತೆ. ಅದುನ್ನ ಕಾಪಾಡ್ಕೊ. ಹೊರಗಡೆ ಅದುಕ್ಕೆ ಎಷ್ಟು ಜನ ಕಾಯ್ತಾವ್ರೆ ಗೊತ್ತಲ್ಲ?"

"ಗೊತ್ತು. ನನ್ ಮುಖ ನೋಡೇ ಬಂದು ಕಾಯ್ತಾವ್ರೆ. ಅದುಕ್ಕೇ ಬಂದೆ."

"ಹೋಗಮ್ಮ, ಲೈನ್ ನಿಂತೋಗೈತೆ."

ಆ ವಾರವೆಲ್ಲ ಅವಳು ಮನೆಯಲ್ಲಿ ಹಸುವಿಗೆ ಬೈದಳು, ರೇಷ್ಮೆ ತಟ್ಟೆಗೆ ಸೊಪ್ಪು ಹಾಕುವಾಗ ಅವ್ವನಿಗೆ ಬೈದಳು. ಅವ್ವ ಚಿಕ್ಕಲಕ್ಷ್ಮಮ್ಮನಿಗೆ ಬೇರೆಯದೇ ಚಿಂತೆ. ಮಗಳ ಫೋಟೊ ಕಂಡಕಂಡವರ ಕಂಪ್ಯೂಟರಿನಲ್ಲಿ ಬರುತ್ತಿದೆ ಎಂದು ಯಾರೋ ಹೇಳಿದ್ದರು.

ಸೆಪ್ಟೆಂಬರಿನ ಎರಡನೇ ಭಾನುವಾರ ಕಂಪನಿಯಲ್ಲಿ ನೇರ ಸಂದರ್ಶನ ಇತ್ತು. ಹೊಸ ಗಿರಾಕಿಯ ಆರ್ಡರು ಬಂದಿತ್ತು, ತಿಂಗಳೊಳಗೆ ಅರವತ್ತು ಜನ ಬೇಕಿತ್ತು. ಶನಿವಾರ ಸಂಜೆ ಲತಾಮಣಿ ಬಿಸ್ಮಿಲ್ಲಾನ ಅಂಗಡಿಯಲ್ಲಿ ಆ ಪುಟದ ಪ್ರಿಂಟು ತೆಗೆಸಿ, ಒಂದೊಂದು ಸಾಲಿನ ಪಕ್ಕ ತನ್ನ ಕೈಯಲ್ಲೇ ಕೆಂಪು ಪೆನ್ನಿನಲ್ಲಿ ಕನ್ನಡದಲ್ಲಿ ಬರೆದಳು. ಬಸ್ಸು ಇಲ್ಲ, ಹೈವೇಯಿಂದ ಎರಡು ಕಿಲೋಮೀಟರ್ ನಡೆಯಬೇಕು. ಹಾಸ್ಟೆಲ್ ಇಲ್ಲ. ಮಕ್ಕಳ ಕೋಣೆಯಲ್ಲಿ ವೈರಿನ ಡ್ರಮ್ಮು ಇಟ್ಟಿದ್ದಾರೆ. ಸೇರುವವರು ಕಂಪನಿಗೆ ಅಲ್ಲ, ಕಂಟ್ರಾಕ್ಟರಿಗೆ. ಕುಡಿಯುವ ನೀರು ಚೆನ್ನಾಗಿದೆ. ಸಂಬಳ ತಡವಾಗುವುದಿಲ್ಲ. ನಿಜವಾದದ್ದನ್ನೂ ಬಿಡಲಿಲ್ಲ. ಕೊನೆಗೆ ತನ್ನ ಫೋಟೊದ ಕೆಳಗೆ, ಈ ಮಾತು ನಾನು ಆಡಿಲ್ಲ, ನಾನು ಸೂಪರ್‌ವೈಸರ್ ಅಲ್ಲ ಎಂದು ಬರೆದು ಸಹಿ ಹಾಕಿದಳು.

"ಕೆಲ್ಸ ಹೋಗ್ತದೆ ಅಮ್ಮಾ," ಎಂದ ಬಿಸ್ಮಿಲ್ಲಾ, ಜೆರಾಕ್ಸ್ ಮಿಷನ್ನಿನ ಮುಚ್ಚಳ ಎತ್ತಿ ಹಿಡಿದು.

"ಹೋಗ್ಲಿ. ಐವತ್ತು ಕಾಪಿ ಹಾಕಿ."

ಭಾನುವಾರ ಬೆಳಗ್ಗೆ ಎಂಟಕ್ಕೆ ಕಂಪನಿಯ ಗೇಟಿನ ಎದುರಿನ ಹೊಂಗೆ ಮರದ ಕೆಳಗೆ ನಿಂತಳು. ಫೈಲು ಹಿಡಿದು ಬಂದವರಿಗೆಲ್ಲ ಒಂದೊಂದು ಹಾಳೆ ಕೊಟ್ಟಳು. "ಓದ್ಕೊಂಡು ಒಳಕ್ಕೆ ಹೋಗಿ. ಹೋಗ್ಬೇಡಿ ಅಂತ ಹೇಳ್ತಿಲ್ಲ. ಓದ್ಕೊಂಡು ಹೋಗಿ."

ಕೆಲವರು ಓದಿ ಮುಖ ಮುಖ ನೋಡಿಕೊಂಡರು. ಒಬ್ಬ ಹುಡುಗ, ಐ.ಟಿ.ಐ. ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದವನು, "ಥ್ಯಾಂಕ್ಸ್ ಅಕ್ಕ," ಎಂದು ಬಂದ ದಾರಿಯಲ್ಲೇ ಹೊರಟ. ಅವನ ಹಿಂದೆ ಇನ್ನೂ ಮೂವರು. ಆದರೆ ಕಂಕುಳಲ್ಲಿ ಮಗು ಎತ್ತಿಕೊಂಡಿದ್ದ ಒಬ್ಬ ಹೆಂಗಸು ಹಾಳೆ ಓದಿ ಅವಳ ಮೇಲೇ ಬಂದಳು.

"ನಿಂಗೇನವ್ವ, ಪರ್ಮನೆಂಟ್ ಆಗೈತೆ. ಹೊಟ್ಟೆ ತುಂಬೈತೆ. ನಮ್ಗೆ ಕಂಟ್ರಾಕ್ಟೋ ಗಿಂಟ್ರಾಕ್ಟೋ, ಒಂದು ಕೆಲ್ಸ ಬೇಕು. ಇದುನ್ನ ಹಂಚಿ ಅವ್ರು ಕೆಲ್ಸಾನೇ ಕೊಡ್ದಿದ್ರೆ ನೀನ್ ಕೊಡ್ತೀಯಾ?"

ಲತಾಮಣಿ ಮಗುವಿನ ಕಡೆ ನೋಡಿದಳು. "ಹೋಗವ್ವ, ಒಳಕ್ಕೆ ಹೋಗು," ಎಂದಳು. "ಆದ್ರೆ ಮಗೀಗೆ ಕೋಣೆ ಐತೆ ಅಂತ ನಂಬ್ಕೊಂಡು ಹೋಗ್ಬೇಡ. ಯಾರ ಹತ್ರನಾದ್ರೂ ಬುಟ್ಟು ಬರ್ಬೇಕಾಯ್ತದೆ." ಹೆಂಗಸು ಹಾಳೆ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು ಒಳಗೆ ಹೋದಳು. ಹೆಂಗಸಿನ ಮಾತು ಲತಾಮಣಿಯನ್ನು ಚುಚ್ಚಿತು. ಆದರೆ ಸಿಟ್ಟು ಕಮ್ಮಿಯಾಗಲಿಲ್ಲ, ಇನ್ನೂ ಹೆಚ್ಚಾಯಿತು. ಬೇರೆ ದಾರಿ ಇಲ್ಲದವರು ಎಂದು ಗೊತ್ತಿದ್ದೂ ಅವರಿಗೆ ಸುಳ್ಳು ಹೇಳುತ್ತಾರಲ್ಲ ಎಂದು.

ಹತ್ತೂವರೆಗೆ ನಟರಾಜು ಓಡಿ ಬಂದ. ಅವನ ಹಿಂದೆಯೇ ಕಂಪನಿಯ ಮಾಲೀಕರ ಕಾರು ಬಂತು. ಮಾಲೀಕರು ಬೆಂಗಳೂರಿನವರು, ತಿಂಗಳಿಗೊಮ್ಮೆ ಬರುವವರು. ಕಾರಿನ ಗಾಜು ಇಳಿಸಿ, "ಏನಿದು?" ಎಂದರು. ನಟರಾಜು ಅವಳ ಕೈಯಿಂದ ಹಾಳೆ ಕಿತ್ತು ಕೊಟ್ಟ. ಮಾಲೀಕರು ಓದಿದರು. ಇಡೀ ಹಾಳೆ ಓದಿದರು.

"ಕಂಪನಿ ಅನ್ನ ತಿಂದು ಕಂಪನಿ ಮೇಲೆ ಅಪಪ್ರಚಾರ ಮಾಡ್ತೀಯಾ?"

"ಇದ್ರಲ್ಲಿ ಯಾವ ಸಾಲು ಸುಳ್ಳು, ಹೇಳಿ ಸಾರ್. ಇಲ್ಲೇ ಎಲ್ಲರ ಮುಂದೆ ಹರ್ದು ಹಾಕ್ತೀನಿ."

ಮಾಲೀಕರು ಹಾಳೆಯನ್ನು ನಟರಾಜುವಿಗೆ ವಾಪಸ್ಸು ಕೊಟ್ಟರು. ಗೇಟಿನ ಮುಂದೆ ನಿಂತವರೆಲ್ಲ ಇತ್ತಲೇ ನೋಡುತ್ತಿದ್ದರು.

"ನಿಮ್ ವೆಬ್‌ಸೈಟ್ ನೋಡಿ ಒಳ್ಳೊಳ್ಳೆ ಹುಡುಗ್ರು ಬತ್ತಾವ್ರೆ ಸಾರ್," ಎಂದಳು ಲತಾಮಣಿ. "ಒಳ್ಳೇವ್ರು ಬಂದು ನೋಡಿ ಒಂದೆರಡು ತಿಂಗಳಿಗೆ ಹೊಂಟೋಯ್ತಾವ್ರೆ. ಯಾಕಂದ್ರೆ ಒಳ್ಳೇವ್ರಿಗೆ ಬೇರೆ ಕಡೆನೂ ಕೆಲ್ಸ ಸಿಗ್ತದೆ. ಉಳ್ಕೊಳೋದು ಬೇರೆ ಗತಿ ಇಲ್ದೋರು. ಅವ್ರೂ ಮನಸಿಟ್ಟು ಕೆಲ್ಸ ಮಾಡಕ್ಕಿಲ್ಲ, ಮೋಸ ಹೋದೋರು ಯಾಕ್ ಮಾಡ್ತಾರೆ? ನಮ್ ಲೈನಿಂದ ವಾಪಸ್ ಬತ್ತಾ ಇರೋ ಮಾಲು ನೋಡಿ. ಅದು ವೈರಿನ ತಪ್ಪಲ್ಲ."

"ಗೇಟಿಂದ ಆಚೆ ಕಳಿಸಿ," ಎಂದರು ಮಾಲೀಕರು ಗಾಜು ಏರಿಸುತ್ತ.

"ನಾನು ಆಚೆನೇ ಇವ್ನಿ ಸಾರ್," ಎಂದಳು ಅವಳು. "ಇದು ರೋಡು."

ಸೋಮವಾರ ಅವಳ ಕಾರ್ಡು ಗೇಟಿನಲ್ಲಿ ಕೆಲಸ ಮಾಡಲಿಲ್ಲ. ವಿಚಾರಣೆ ಮುಗಿಯುವ ತನಕ ಅಮಾನತು ಎಂದು ಇಂಗ್ಲಿಷಿನಲ್ಲಿ ನೋಟೀಸು ಬಂತು. ಅವಳು ಅದನ್ನು ವಾಪಸ್ಸು ಕಳಿಸಿ, ಕನ್ನಡದಲ್ಲಿ ಕೊಡಿ ಎಂದು ಬರೆದಳು. ಕನ್ನಡದಲ್ಲಿ ಬರಲು ಹದಿನೈದು ದಿನ ಹಿಡಿಯಿತು. ಅಷ್ಟರಲ್ಲಿ ಬಿಸ್ಮಿಲ್ಲಾ ಫೋನ್ ಮಾಡಿ ಹೇಳಿದ, ವೆಬ್‌ಸೈಟಿನಿಂದ ಅವಳ ಫೋಟೊ ಹೋಗಿದೆ ಎಂದು. ಆ ಜಾಗದಲ್ಲಿ ಯಾರೋ ಬಿಳಿ ಬಣ್ಣದ, ತುಟಿಗೆ ಬಣ್ಣ ಹಚ್ಚಿದ ಹುಡುಗಿ ಬಂದಿದ್ದಳು. ಕೆಳಗಿನ ಮಾತು ಹಾಗೇ ಇತ್ತು. ಮೂರು ವರ್ಷದಲ್ಲಿ ಸೂಪರ್‌ವೈಸರ್, ಎರಡನೇ ತವರುಮನೆ. ಹೆಸರು ಮಾತ್ರ ಬೇರೆ. ಆ ಹೆಸರಿನವರು ಕಂಪನಿಯಲ್ಲಿ ಯಾರೂ ಇರಲಿಲ್ಲ.

ಅವ್ವ ಎದೆ ಎದೆ ಬಡಿದುಕೊಂಡಳು. "ಊರೋರ ಉಸಾಬರಿ ನಿಂಗ್ಯಾಕೆ ಬೇಕಿತ್ತು? ಬಂದೋರು ಬತ್ತಾರೆ, ಹೋಗೋರು ಹೊಯ್ತಾರೆ. ನಿನ್ ಕೆಲ್ಸ ನೀನ್ ಮಾಡ್ಕೊಂಡಿದ್ರೆ ಆಯ್ತಿರ್ಲಿಲ್ವಾ?"

"ನನ್ ಮುಖ ಕಣವ್ವ ಅದು. ಅವ್ರಪ್ಪಂದಲ್ಲ."

ವಿಚಾರಣೆಯ ದಿನ ಮರಿಯಪ್ಪ ಬೆಳಗ್ಗೆ ಎದ್ದು, ಒಗೆದ ಪಂಚೆ ಉಟ್ಟು, ಮೊಪೆಡ್ಡು ತೆಗೆದ. ರಾಮನಗರದಲ್ಲಿ ಬಿಡಲಿಲ್ಲ. ಬಿಡದಿಯ ತನಕ, ಕಂಪನಿಯ ಗೇಟಿನ ತನಕ ಹೈವೇಯಲ್ಲೇ ಓಡಿಸಿಕೊಂಡು ಹೋಗಿ, ಹೊಂಗೆ ಮರದ ಕೆಳಗೆ ಕೂತು ಕಾದ.

ವಿಚಾರಣೆಯಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ. ನನ್ನ ಹಾಳೆಯ ಯಾವ ಸಾಲು ಸುಳ್ಳು? ವಿಚಾರಣೆ ನಡೆಸಿದ ವಕೀಲರು ಅದು ಇಲ್ಲಿಯ ವಿಷಯ ಅಲ್ಲ ಎಂದರು. ತಪ್ಪಾಯಿತೆಂದು ಬರೆದುಕೊಟ್ಟರೆ ವಾಪಸ್ಸು ತೆಗೆದುಕೊಳ್ಳುತ್ತೇವೆ ಎಂದು ನಟರಾಜು ಮೆತ್ತಗೆ ಹೇಳಿದ. "ತಪ್ಪಾಗಿರೋದು ಜೂನ್ ತಿಂಗಳಲ್ಲಿ ಸಾರ್. ಗೇಟಲ್ಲಿ ಬಾಯಿ ಮುಚ್ಕೊಂಡು ನಿಂತಿದ್ದೆ. ಅದುನ್ನ ಬರ್ಕೊಡ್ತೀನಿ, ಬೇಕಾ?" ಎಂದಳು ಲತಾಮಣಿ. ನವೆಂಬರಿನಲ್ಲಿ ಅವಳನ್ನು ಕೆಲಸದಿಂದ ತೆಗೆದರು.

ಆ ಚಳಿಗಾಲವೆಲ್ಲ ಅವಳು ಹಿಪ್ಪುನೇರಳೆ ಸೊಪ್ಪು ಕೊಯ್ದಳು. ಕೊಯ್ಯುವಾಗ ಕಂಪನಿಯ ಒಬ್ಬೊಬ್ಬರನ್ನೂ ನೆನೆಸಿಕೊಂಡು ಬೈಯುತ್ತಿದ್ದಳಂತೆ, ಪಕ್ಕದ ತೋಟದವರಿಗೆ ಕೇಳಿಸುವ ಹಾಗೆ.

2008ರ ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಹಳೆಯ ಸ್ಕೂಟರಿನಲ್ಲಿ ಒಬ್ಬರು ಮನೆ ಹುಡುಕಿಕೊಂಡು ಬಂದರು. ಅರವತ್ತು ದಾಟಿದವರು, ಬೆರಳುಗಳ ಸಂದಿಯಲ್ಲಿ ಒರೆಸಿದರೂ ಹೋಗದ ಗ್ರೀಸಿನ ಕಪ್ಪು. ಹೆಸರು ಮುನಿಶಾಮಯ್ಯ. ಮೂವತ್ತು ವರ್ಷ ಬೇರೆಯವರ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು ಹಾರೋಹಳ್ಳಿಯಲ್ಲಿ ಶೆಡ್ಡು ಹಾಕಿ, ಇಪ್ಪತ್ತೆಂಟು ಜನರನ್ನಿಟ್ಟುಕೊಂಡು ಕಾರ್ಖಾನೆಗಳಿಗೆ ಬೇಕಾದ ಕರೆಂಟಿನ ಪ್ಯಾನಲ್ ಬೋರ್ಡು ಮಾಡಿಸುತ್ತಿದ್ದರು. ಜಗಲಿಯ ಮೇಲೆ ಕೂತು ಜೇಬಿನಿಂದ ಒಂದು ಹಾಳೆ ತೆಗೆದರು. ಮಡಿಸಿ ಮಡಿಸಿ ಹರಿಯುವ ಹಾಗಾಗಿದ್ದ ಜೆರಾಕ್ಸು. ಅವಳ ಕೈಬರಹ.

"ಇದು ನಿಂದೇ ಏನವ್ವ?"

"ಹೂಂ. ಯಾರ್ ಕೊಟ್ರು?"

"ಆರು ಜನ ಹುಡುಗ್ರು ನನ್ ಶೆಡ್ಡಿಗೆ ಕೆಲ್ಸ ಕೇಳ್ಕೊಂಡು ಬಂದ್ರು. ಒಳ್ಳೆ ಹುಡುಗ್ರು, ಐ.ಟಿ.ಐ. ಮಾಡಿರೋರು. ಇದುನ್ನ ನನ್ ಮುಂದೆ ಇಟ್ಟು, ನಿಮ್ ಕಂಪನೀದೂ ಹಿಂಗೇ ಬರ್ಕೊಡಿ, ಓದ್ಬುಟ್ಟು ಸೇರ್ಕೋತೀವಿ ಅಂದ್ರು. ನಂಗೆ ಮೊದ್ಲು ಕ್ವಾಪ ಬಂತು. ಆಮ್ಯಾಕೆ ಬರಿಯಕ್ಕೆ ಕೂತೆ. ಬರಿಯಕ್ಕೆ ಆಗ್ಲಿಲ್ಲ ಕಣವ್ವ. ಎಲ್ಲಾ ಸಾಲೂ ಹೊಗಳಿಕೇನೇ ಆಯ್ತಿತ್ತು."

ಅವರಿಗೂ ಒಂದು ವೆಬ್‌ಸೈಟು ಬೇಕಿತ್ತು. ದೊಡ್ಡ ಗಿರಾಕಿಗಳು ಕೇಳುತ್ತಿದ್ದರು, ಒಳ್ಳೆಯ ಹುಡುಗರು ವೆಬ್‌ಸೈಟಿಲ್ಲದ ಕಂಪನಿಯ ಹೆಸರು ಕೇಳಿದರೆ ಬರುತ್ತಿರಲಿಲ್ಲ. ಜನರನ್ನು ಸೇರಿಸುವ ಕೆಲಸ, ಅವರನ್ನು ನೋಡಿಕೊಳ್ಳುವ ಕೆಲಸ, ಆ ಪುಟ ಬರೆಯುವ ಕೆಲಸ, ಮೂರೂ ಅವಳಿಗೇ ಎಂದರು.

"ನಾನು ಬರ್ದಿದ್ದುನ್ನ ನೀವು ತಿದ್ದೋ ಹಂಗಿಲ್ಲ," ಎಂದಳು ಲತಾಮಣಿ.

"ತಪ್ಪಿದ್ರೆ?"

"ತಪ್ಪಿದ್ರೆ ತೋರ್ಸಿ. ನಿಜ ಇದ್ದು ನಾಚ್ಕೆ ಆಯ್ತದೆ ಅಂತ ತಿದ್ದೋ ಹಂಗಿಲ್ಲ."

ಹಾರೋಹಳ್ಳಿಗೆ ಎರಡು ಬಸ್ಸು ಬದಲಾಯಿಸಬೇಕಿತ್ತು. ಮೊದಲ ವಾರವೆಲ್ಲ ಅವಳು ಶೆಡ್ಡಿನಲ್ಲಿ ನೋಟ್‌ಬುಕ್ಕು ಹಿಡಿದು ಓಡಾಡಿ, ಇಪ್ಪತ್ತೆಂಟು ಜನರನ್ನೂ ಒಬ್ಬೊಬ್ಬರಾಗಿ ಕೂರಿಸಿ ಕೇಳಿದಳು. ಇಲ್ಲಿ ಏನು ಚೆನ್ನಾಗಿದೆ, ಏನು ಕೆಟ್ಟದಾಗಿದೆ, ಯಾಕೆ ಬಿಟ್ಟು ಹೋಗಿಲ್ಲ. ಕೇಳಿದ್ದನ್ನೆಲ್ಲ ಬರೆದಳು. ಬಸ್ಸಿಲ್ಲ, ಬಸ್ ಸ್ಟ್ಯಾಂಡಿನಿಂದ ಇಪ್ಪತ್ತು ನಿಮಿಷದ ನಡಿಗೆ. ಮೊದಲ ಮೂರು ತಿಂಗಳು ಡ್ರಾಯಿಂಗ್ ಓದುವುದನ್ನು ಮಾಲೀಕರೇ ಕಲಿಸುತ್ತಾರೆ, ಬೈದು ಕಲಿಸುತ್ತಾರೆ. ಕಂಟ್ರಾಕ್ಟರ್ ಇಲ್ಲ, ಎಲ್ಲರೂ ಕಂಪನಿಯವರೇ. ಬೇಸಿಗೆಯಲ್ಲಿ ಶೀಟು ಕಾದು ಒಳಗೆ ಬೆಂಕಿಯಾಗುತ್ತದೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಮಧ್ಯಾಹ್ನದ ಮೇಲೆ ನೀರಿರುವುದಿಲ್ಲ.

ಮುನಿಶಾಮಯ್ಯ ಓದಿ ಕುರ್ಚಿಯಿಂದ ಎದ್ದೇ ಬಿಟ್ಟರು. "ಕಕ್ಕಸು ಮನೆ ವಿಚಾರಾನ ವೆಬ್‌ಸೈಟಲ್ಲಿ ಬರೀತಾರೇನವ್ವ? ಗಿರಾಕಿಗಳು ಓದಿದ್ರೆ ಏನನ್ಕೊಂಡಾರು?"

"ನಾಲ್ಕು ಜನ ಹೆಣ್ಮಕ್ಳು ಮಧ್ಯಾಹ್ನದ ಮೇಲೆ ನೀರು ಕುಡಿಯಕ್ಕೇ ಹೆದುರ್ತಾವ್ರೆ. ಅವ್ರು ಏನನ್ಕೊಂಡವ್ರೆ ಅಂತ ಒಂದಿನಾನಾದ್ರೂ ಕೇಳಿದ್ರಾ?"

"ಯಾರೂ ಹೇಳಿರ್ಲಿಲ್ಲವಲ್ಲ!"

"ಈಗ ಬರ್ದಿವ್ನಲ್ಲ. ಓದಿ. ಸರಿ ಮಾಡ್ಸಿದ್ ದಿನ ಆ ಸಾಲು ತೆಗೀತೀನಿ. ಅಲ್ಲೀಗಂಟ ಇರ್ತದೆ."

ಅವರು ಅಂದು ಅವಳೊಂದಿಗೆ ಮಾತು ಬಿಟ್ಟರು. ನಾಲ್ಕನೆಯ ದಿನ ಹೊಸ ಮೋಟರು ಬಂತು, ಶೆಡ್ಡಿನ ಮೇಲೆ ಎರಡನೇ ಟ್ಯಾಂಕು ಕೂತಿತು. ಅವಳು ಆ ಸಾಲು ಹೊಡೆದು ಹಾಕಿದಳು. ಶೀಟಿನ ಸಾಲು ಉಳಿಯಿತು.

ಪುಟವನ್ನು ಬಿಸ್ಮಿಲ್ಲಾನೇ ಕೂಡಿಸಿಕೊಟ್ಟ. ಕನ್ನಡ ಅಕ್ಷರಗಳು ಎಷ್ಟೋ ಕಂಪ್ಯೂಟರುಗಳಲ್ಲಿ ಚೌಕ ಚೌಕವಾಗಿ ಕಾಣುತ್ತಿದ್ದ ಕಾಲ, ಹಾಗಾಗಿ ಟೈಪು ಮಾಡಿದ್ದನ್ನು ಚಿತ್ರದ ಹಾಗೆ ಅಂಟಿಸಿದ. ಹುಲ್ಲಿನ ಚಿತ್ರ ಇರಲಿಲ್ಲ, ನಗುವ ಮುಖ ಇರಲಿಲ್ಲ. ಅರ್ಕಪ್ರಭಾದ ಪುಟಕ್ಕೆ ವಾರಕ್ಕೆ ಐವತ್ತು ಅರ್ಜಿ ಬರುತ್ತಿದ್ದರೆ ಇದಕ್ಕೆ ತಿಂಗಳಿಗೆ ಏಳೆಂಟು ಬಂದವು. ಆದರೆ ಬಂದವರು ಪುಟವನ್ನು ಓದಿಕೊಂಡೇ ಬರುತ್ತಿದ್ದರು. ಒಬ್ಬ, "ನಂಗೆ ಬೈದು ಕಲಿಸೋರೇ ಬೇಕು," ಎಂದ. ಕನಕಪುರದ ಒಬ್ಬಳು ತನ್ನ ಸೈಕಲ್ಲು ತಂದು ನಿಲ್ಲಿಸಿ, "ಇಪ್ಪತ್ತು ನಿಮಿಷ ಅಂತ ಬರ್ದಿದ್ರಿ, ಅದುಕ್ಕೆ," ಎಂದಳು. ಒಂದು ವರ್ಷದಲ್ಲಿ ಹದಿನಾಲ್ಕು ಜನ ಸೇರಿದರು. ಬಿಟ್ಟುಹೋದವಳು ಒಬ್ಬಳು, ಮದುವೆಯಾಗಿ.

ಲತಾಮಣಿ ಸಿರಿಗೂ ಫೋನು ಮಾಡಿದಳು. ಸಿರಿ ಮಾಗಡಿಯಲ್ಲಿ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳಿಕೊಡುತ್ತಿದ್ದಳು.

"ಓದಿದೆ ಅಕ್ಕ ನಿಮ್ ಪೇಜು. ಚೆನ್ನಾಗೈತೆ. ಆದ್ರೆ ನಾನ್ ಬರಲ್ಲ."

"ದೂರ ಅಂತಾನಾ?"

"ಅಲ್ಲ. ನಿಮ್ ಮೇಲೆ ಇನ್ನೂ ಕ್ವಾಪ ಐತೆ."

"ಇರ್ಲಿ ಕಣವ್ವ," ಎಂದಳು ಲತಾಮಣಿ.

2009ರ ಮಾರ್ಚಿನಲ್ಲಿ ಮುನಿಶಾಮಯ್ಯರಿಗೆ ಒಂದು ದೊಡ್ಡ ಆರ್ಡರು ಸಿಕ್ಕಿತು. ಎರಡು ತಿಂಗಳಲ್ಲಿ ಮುಗಿಸಬೇಕು. ಅವರು ಅವಳ ಮೇಜಿನ ಹತ್ತಿರ ಬಂದು, ಕಣ್ಣು ಬೇರೆ ಕಡೆ ಇಟ್ಟುಕೊಂಡು ಹೇಳಿದರು. "ಹತ್ತು ಜನಾನ ಕಂಟ್ರಾಕ್ಟರ್ ಕೈಲಿ ತರ್ಸಣ ಅನ್ಕೊಂಡಿವ್ನಿ. ಎರಡೇ ತಿಂಗಳು. ಎಲ್ಲಾರೂ ಮಾಡ್ತಾರೆ."

ಅವಳು ಕಂಪ್ಯೂಟರಿನ ಮುಂದೆ ಕೂತು ಟೈಪು ಮಾಡಿದಳು, ಪ್ರಿಂಟು ತೆಗೆದಳು, ಅವರ ಕೈಗೆ ಕೊಟ್ಟಳು. "ಗಟ್ಟಿಯಾಗಿ ಓದಿ ಸಾರ್."

ಮುನಿಶಾಮಯ್ಯ ಕನ್ನಡಕ ಹಾಕಿ ಓದಿದರು. "ಕಂಟ್ರಾಕ್ಟರ್ ಇಲ್ಲ, ಎಲ್ಲರೂ ಕಂಪನಿಯವರೇ ಎಂದು ಇಲ್ಲಿಯ ತನಕ ಬರೆದಿದ್ದೆವು. ಈ ತಿಂಗಳಿನಿಂದ ಅದು ನಿಜವಲ್ಲ. ಹತ್ತು ಜನ…" ಅಲ್ಲಿಗೆ ನಿಲ್ಲಿಸಿದರು. ಮಿಷನ್ನಿನ ಹತ್ತಿರ ಇದ್ದ ಇಬ್ಬರು ಕೆಲಸ ನಿಲ್ಲಿಸಿ ಇತ್ತ ನೋಡಿದರು.

"ಹಿಂಗೆ ಹಾಕ್ತೀಯಾ?"

"ನಿಜ ಆದ್ರೆ ಹಾಕ್ತೀನಿ."

"ನಿಂಗೆ ದಯಾ ದಾಕ್ಷಿಣ್ಯ ಅನ್ನೋದು ಒಸಿನಾದ್ರೂ ಐತೇನವ್ವ? ನಾನು ಈ ಶೆಡ್ಡು ಕಟ್ಟಿರೋದು ಎಂಗೆ ಅಂತ ಗೊತ್ತಾ ನಿಂಗೆ?"

"ಗೊತ್ತು. ಅದುಕ್ಕೇ ಬಂದಿದ್ದು ನಾನು ಇಲ್ಲಿಗೆ. ಇಲ್ದಿದ್ರೆ ಸೊಪ್ಪು ಕೊಯ್ಕೊಂಡು ಇರ್ತಿದ್ದೆ."

ಹಾಳೆ ಮೇಜಿನ ಮೇಲೆ ಬಿತ್ತು. ಮುನಿಶಾಮಯ್ಯ ಹೊರಗೆ ಹೋಗಿ ಸ್ಕೂಟರಿನ ಸೀಟಿನ ಮೇಲೆ ಕೂತರು. ಅರ್ಧ ಗಂಟೆ ಕಳೆದು ಒಳಗೆ ಬಂದರು.

"ನಾಕು ಜನ ಸಾಕು. ಕಂಟ್ರಾಕ್ಟರ್ ಬ್ಯಾಡ, ನಮ್ ಕಂಪನಿಯೋರಾಗೇ ತಗೊ. ಮಿಕ್ಕಿದ್ದಕ್ಕೆ ಗಿರಾಕಿ ಹತ್ರ ಹೋಗಿ ಇನ್ನೊಂದು ತಿಂಗಳು ಕೇಳ್ತೀನಿ. ಕೊಡಲ್ಲ ಅಂದ್ರೆ ಬೈಸ್ಕೊಂಡು ಬತ್ತೀನಿ."

ಟೀಯವನು ಎರಡು ಲೋಟ ತಂದಿಟ್ಟು ಹೋದ. ಲತಾಮಣಿ ತನ್ನ ಲೋಟ ಮುಟ್ಟಲಿಲ್ಲ. ಕಂಟ್ರಾಕ್ಟರಿನ ಮಾತನ್ನು ಅವರು ಎತ್ತಲೇಬಾರದಿತ್ತು ಎಂಬ ಸಿಟ್ಟು ಅವಳಿಗೆ ಸಂಜೆಯ ತನಕ ಇಳಿಯಲಿಲ್ಲ. ಆದರೆ ಆ ಮಧ್ಯಾಹ್ನವೇ ಪುಟದಲ್ಲಿ ಹೊಸ ಸಾಲು ಹಾಕಿಸಿದಳು. ನಾಲ್ಕು ಜನ ಬೇಕಾಗಿದ್ದಾರೆ, ಕೆಲಸ ಮುಂದಿನ ಎರಡು ತಿಂಗಳು ಬಹಳ ಇರುತ್ತದೆ, ಭಾನುವಾರವೂ ಬರಬೇಕಾಗಬಹುದು, ಯೋಚಿಸಿ ಬನ್ನಿ.